ಕಿಟಕಿಯಿಂದ ಎಸೆದ ಟವಲ್

ಹೊಸಕೋಟೆ ಬಸ್ ಸ್ಟ್ಯಾಂಡಿನಲ್ಲಿ ಬೂದಿಗೆರೆಯ ವೆಂಕಟರಾಯಪ್ಪ ಎಸೆದ ಟವಲ್, ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ನುಗ್ಗಿ ಸೀಟು ಹಿಡಿಯಿತು. ಆ ಗುರಿಗೆ ಇಡೀ ಜಿಲ್ಲೆಯಲ್ಲೇ ಎದುರಿಲ್ಲ. ಬಾಗಿಲಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದ ನರ್ಸಿಂಗ್ ಕಲಿಯುವ ಹುಡುಗಿ ಹತ್ತಿ ನೋಡಿದರೆ, ಉಳಿದಿದ್ದ ಒಂದೇ ಸೀಟು ಟವಲಿನದು. ಅವಳು ಪಕ್ಕದ ಕಂಬಿ ಹಿಡಿದು ನಿಂತಳು. ವೆಂಕಟರಾಯಪ್ಪ ಕೂತವರೇ ರಸ್ತೆ ಗುಂಡಿಯಿಂದ ಶುರುಮಾಡಿ, ಎಮ್ಮೆಲ್ಲೆ, ಮಂತ್ರಿ ಯಾರನ್ನೂ ಬಿಡದೆ ಬೈದರು. ಆ ದನಿಗೆ ಬಸ್ಸಿನ ಹಾರನ್ನೇ ನಾಚಿಕೊಳ್ಳಬೇಕು.

“ಐದು ವರ್ಷ ಮಿಲಿಟರಿ ಆಡಳಿತ ಬರ್ಬೇಕು ಕಣಮ್ಮಾ. ಆಗ ಎಲ್ರೂ ನೆಟ್ಟಗಾಗ್ತಾರೆ.”

“ನಮ್ಮಲ್ಲಿ ಬಂದಿದೆ ಅಂಕಲ್.”

“ನಿಮ್ಮಲ್ಲಿ ಅಂದ್ರೆ? ಯಾವೂರಮ್ಮ?”

“ಬರ್ಮಾ.”

“ಹೌದಾ? ಕನ್ನಡ ಚೆನ್ನಾಗಿ ಕಲ್ತಿದೀಯ. ಅಲ್ಲಿ ಶಿಸ್ತು ಇರ್ಬೇಕಲ್ಲ?”

“ಇದೆ. ಬಸ್ಸಿಗೆ ಎಲ್ರೂ ಸಾಲಲ್ಲಿ ನಿಲ್ತಾರೆ. ನನ್ ತಮ್ಮನ್ನ ಸಾಲಿಂದಾನೇ ಎಳ್ಕೊಂಡ್ಹೋದ್ರು, ಸೈನ್ಯಕ್ಕೆ ಸೇರ್ಸೋಕೆ. ಎಲ್ಲಿದಾನೋ ಗೊತ್ತಿಲ್ಲ.”

“ನಿಮ್ಮಮ್ಮ ಏನಂತಾರೆ?”

“ಫೋನಲ್ಲಿ ಅವನ ಹೆಸ್ರೇ ಎತ್ತಲ್ಲ. ಯಾರಾದ್ರೂ ಕೇಳಿಸ್ಕೊಂಡ್ರೆ ಅಂತ ಭಯ. ಊಟ ಆಯ್ತಾ ಅಂತಾರೆ, ಇಟ್ಬಿಡ್ತಾರೆ.”

ವೆಂಕಟರಾಯಪ್ಪ ತೊಡೆಯ ಕೆಳಗಿನ ಟವಲ್ ಎಳೆದುಕೊಂಡು ಎದ್ದರು.

“ಕೂತ್ಕೊಳಮ್ಮ. ಮೊದ್ಲು ಬಂದೋಳು ನೀನು.”

“ಇರ್ಲಿ ಅಂಕಲ್. ನೀವು ಕೂತ್ಕೊಂಡು ಬೈತಾ ಇರಿ. ಇಷ್ಟು ಜೋರಾಗಿ ಬೈದ್ರೂ ಯಾರೂ ಹಿಡಿಯೋಕೆ ಬರಲ್ವಲ್ಲ, ಕೇಳೋಕೆ ಚೆನ್ನಾಗಿದೆ.”

ಅವರು ಕೂರಲಿಲ್ಲ, ಬೈಯಲೂ ಇಲ್ಲ. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಆ ಸೀಟೊಂದು ಖಾಲಿಯೇ ಹೋಯಿತು. ಬೂದಿಗೆರೆ ಬಂದಾಗ ವೆಂಕಟರಾಯಪ್ಪ ಟವಲನ್ನು ಮಡಚಿ ಮಡಚಿ ಅಂಗೈಯಷ್ಟು ಮಾಡಿ ಜೇಬಿಗೆ ತುರುಕಿಕೊಂಡು, ಯಾರ ಮುಖವನ್ನೂ ನೋಡದೆ ಇಳಿದರು.