ಸ್ಪ್ಯಾನಿಷ್ ಚಾನೆಲಿನ ಗಂಟೆ

ಅಧ್ಯಕ್ಷರಾದ ಮೋಹನದಾಸರೇ, ವೇದಿಕೆಯ ಮೇಲಿರುವ ಅತಿಥಿಗಳೇ, ರಜೆಯ ಶುಕ್ರವಾರದ ನಿದ್ದೆ ಬಿಟ್ಟು ದುಬೈಯ ಅಲ್ ಕುಸೈಸಿನ ಈ ಸಭಾಂಗಣಕ್ಕೆ ನನ್ನನ್ನು ಬೀಳ್ಕೊಡಲು ಬಂದಿರುವ ಸಭಿಕರೇ,

ಸ್ಪ್ಯಾನಿಷ್ ಬಾರದ ಈ ಫಿಡೆಲಿಸ್ ಸ್ಪ್ಯಾನಿಷ್ ಟಿವಿ ಚಾನೆಲಿನಲ್ಲಿ ಏಳು ವರ್ಷ ಏನು ಮಾಡಿದ ಎಂದು ನೀವು ಕೇಳಬಹುದು. ನನ್ನ ಮ್ಯಾನೇಜರರೂ ಆಗಾಗ ಅದನ್ನೇ ಕೇಳುತ್ತಿದ್ದರು! 2011ರಲ್ಲಿ ದುಬೈಯ ಎರಡು ಕೋಣೆಗಳಲ್ಲಿ ಆ ಖಾಸಗಿ ಚಾನೆಲ್ ಶುರುವಾಯಿತು. ಬೆಳಿಗ್ಗೆ ಅಡುಗೆ, ಮಧ್ಯಾಹ್ನ ಅಳುವ ಧಾರಾವಾಹಿ, ಸಂಜೆ ಫುಟ್‌ಬಾಲಿನ ಜಗಳ. ನಮ್ಮ ಹಾಗೆಯೇ ಊರು ಬಿಟ್ಟು ಬಂದ ಸ್ಪ್ಯಾನಿಷ್ ನರ್ಸುಗಳು, ಇಂಜಿನಿಯರುಗಳು ನೋಡುತ್ತಿದ್ದರು. ಪಟ್ಟಿಯ ಪ್ರಕಾರ ಕಾರ್ಯಕ್ರಮ ಹಾಕುವುದು ನನ್ನ ಕೆಲಸ. ತಾಸಿಗೊಮ್ಮೆ ಚಾನೆಲಿನ ಗುರುತಾಗಿ ಇಗರ್ಜಿಯ ಗಂಟೆ ಮೊಳಗಬೇಕು. ಆ ಗುಂಡಿ ಒತ್ತುವವನೂ ನಾನೇ.

ಇನ್ನೊಬ್ಬಳು ವೀಕ್ಷಕಿ ಇದ್ದಳು, ನನ್ನ ಹೆಂಡತಿ ಮಾರ್ಟಿನಾ. ಸಕ್ಕರೆ ಕಾಯಿಲೆಯಿಂದ ಅವಳ ಕಣ್ಣು ಹೋಗಿತ್ತು. ಫ್ಲ್ಯಾಟಿನಲ್ಲಿ ಒಬ್ಬಳೇ. ಒಂದಕ್ಷರ ಅರ್ಥವಾಗದಿದ್ದರೂ ದಿನವಿಡೀ ಅದೇ ಚಾನೆಲ್. “ಗಂಟೆ ಕೇಳಿದ್ರೆ ನೀವು ಅಲ್ಲಿ ಉಂಟು ಅಂತ ಅಲ್ವಾ?” ಎನ್ನುತ್ತಿದ್ದಳು.

2014ರ ಶುಭ ಶುಕ್ರವಾರ ನನಗೆ ಡ್ಯೂಟಿ ಬಿತ್ತು. ಯೇಸು ಶಿಲುಬೆಯಲ್ಲಿ ಸತ್ತ ಆ ಶೋಕದ ದಿನ ನಮ್ಮ ಇಗರ್ಜಿಗಳಲ್ಲಿ ಗಂಟೆ ಬಾರಿಸುತ್ತಾರೆಯೇ? ಇಲ್ಲ, ಮರದ ಹಲಗೆ ಬಡಿಯುತ್ತಾರೆ. ನನಗೆ ಗುಂಡಿ ಒತ್ತಲು ಕೈಯೇ ಬರಲಿಲ್ಲ. ಯಾರನ್ನೂ ಕೇಳದೆ ಗಂಟೆ ನಿಲ್ಲಿಸಿಬಿಟ್ಟೆ. ಮ್ಯಾನೇಜರರು ನನ್ನನ್ನು ಕೆಲಸದಿಂದ ತೆಗೆಯುವ ಪತ್ರ ಹಿಡಿದೇ ಬಂದರು. ಅದೇ ಹೊತ್ತಿಗೆ ಪಕ್ಕದ ಫ್ಲ್ಯಾಟಿನ ಬೀಫಾತಿಮರ ಕೈ ಹಿಡಿದು ಮಾರ್ಟಿನಾ ಚಾನೆಲಿನ ಕೋಣೆಯೊಳಗೆ ಬಂದಳು. ಒಂದೊಂದು ಕಾಲಿಗೆ ಒಂದೊಂದು ಜಾತಿಯ ಚಪ್ಪಲಿ. ನನ್ನ ಮುಖವೆಲ್ಲ ಸವರಿ, “ಎರಡು ಸಲ ಗಂಟೆ ಆಗ್ಲಿಲ್ಲ. ನಿಮ್ಮ ಫೋನೂ ಬಂದ್. ನಿಮಗೆ ಎಂತದೋ ಆಯ್ತು ಅಂತ ಹೆದರಿದೆ ಮಾರಾಯ್ರೆ” ಎಂದು ಅತ್ತಳು. ಮ್ಯಾನೇಜರರು ಪತ್ರ ಮಡಚಿ ಕಿಸೆಗೆ ಹಾಕಿಕೊಂಡರು.

ಕಳೆದ ತಿಂಗಳು ಚಾನೆಲ್ ಮುಚ್ಚಿತು. ವೀಸಾ ಖಲಾಸ್, ಬರುವ ಗುರುವಾರ ನಾವು ಊರಿಗೆ. ಈಗ ನಾನು ಮನೆಯಲ್ಲೇ ಇದ್ದೇನೆ, ಆದರೂ ಅವಳು ಆಗಾಗ ಕೈ ಚಾಚಿ ನನ್ನನ್ನು ಹುಡುಕುತ್ತಾಳೆ. ಅದನ್ನು ನೋಡಲು ನನ್ನಿಂದ ಆಗುವುದಿಲ್ಲ.

ಓಹೋ, ಸಮಯ ಮುಗಿಯಿತೆಂದು ಅಧ್ಯಕ್ಷರು ಮೇಜಿನ ಗಂಟೆ ಬಾರಿಸಿದರು. ಸ್ವಾಮೀ, ದಯವಿಟ್ಟು ಇನ್ನೊಮ್ಮೆ ಬಾರಿಸಿ. ನೋಡಿ, ಮೂರನೇ ಸಾಲಿನಲ್ಲಿ ಮಾರ್ಟಿನಾ ತಲೆಯೆತ್ತಿ ನಗುತ್ತಿದ್ದಾಳೆ. ನನಗೆ ಶಾಲು, ಫಲಕ ಯಾವುದೂ ಬೇಡ. ಆ ಗಂಟೆಯನ್ನು ಕೊಟ್ಟುಬಿಡಿ. ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡ ನಿಮಗೆಲ್ಲ ಕೃತಜ್ಞ. ಮಾರ್ಟಿನಾ, ನಾನು ಇಲ್ಲೇ ಇದ್ದೇನೆ.

ನಮಸ್ಕಾರ.