ಮಹಾಲಿಂಗನ ಮೇಲೆ ನಾನು ಹೊರಿಸಿದ ತಪ್ಪು

ಎಲ್ಲರಿಗೂ ನಮಸ್ಕಾರ. ಮಹಾಲಿಂಗ ಅವರ ತಾಯಿ ಚಿಕ್ಕನಿಂಗಮ್ಮನವರೇ, ಪತ್ನಿ ಭಾನು ಅವರೇ, ಮಗಳು ಹರ್ಷಿತಾ, ಕುದೇರಿನಿಂದ ಬಂದಿರುವ ಬಂಧುಗಳೇ, ನಮ್ಮ ಕೇಂದ್ರದಲ್ಲಿ ಕಲಿತವರೇ, ಕಲಿಯುತ್ತಿರುವವರೇ —

ನಾನು ಶಾಂತರಾಜು. ಕಣ್ಣು ಕಾಣದವರಿಗೆ ಕಂಪ್ಯೂಟರ್ ಕಲಿಸುವ ನಮ್ಮ ಕೇಂದ್ರದ ವ್ಯವಸ್ಥಾಪಕ. ಚಾಮರಾಜನಗರದ್ದನ್ನೂ, ನಾವೀಗ ಕೂತಿರುವ ಈ ಗುಂಡ್ಲುಪೇಟೆ ಶಾಖೆಯನ್ನೂ ನೋಡಿಕೊಳ್ಳುವವನು.

‘ಮಹಾಲಿಂಗ ಅವರು’ ಎನ್ನಲು ಹೊರಟರೆ ನಾಲಿಗೆ ತಡವರಿಸುತ್ತದೆ. ನಮ್ಮ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಅವನನ್ನು ಒಂಬತ್ತು ವರ್ಷ ಏಕವಚನದಲ್ಲೇ ಕರೆದಿದ್ದೇನೆ. ಇವತ್ತೂ ಹಾಗೆಯೇ ಕರೆಯುತ್ತೇನೆ. ಮನೆಯವರು ಮನ್ನಿಸಬೇಕು.

ಹದಿಮೂರು ದಿನದ ಹಿಂದೆ, ಬೆಳಿಗ್ಗೆ ಎಂಟೂವರೆಗೆ, ಅವನು ಕುದೇರಿನಿಂದ ಬಂದು ಸಂತೆಮರಹಳ್ಳಿಯಲ್ಲಿ ಬಸ್ಸಿಳಿದಿದ್ದಾನೆ. ಚಾಮರಾಜನಗರದ ಬಸ್ಸಿಗೆ ಕಾಯುತ್ತಾ ನಿಂತವನು ಎದೆ ಹಿಡಿದುಕೊಂಡು ಕೂತ. ಅಲ್ಲಿದ್ದವರು ಆಟೋ ಹಿಡಿದು ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ — ಹೋಗಿಬಿಟ್ಟಿದ್ದ. ನಲವತ್ತಾರು ವರ್ಷ. ನಲವತ್ತಾರು, ಅಷ್ಟೇ.

ಅವನು ಒಳ್ಳೆಯವನು, ಕೆಲಸಗಾರ, ಮಿತಭಾಷಿ ಎಂದು ನನಗಿಂತ ಮೊದಲು ಮಾತಾಡಿದವರು ಹೇಳಿದರು. ಎಲ್ಲ ನಿಜ. ನಾನು ಬೇರೆಯೇ ಒಂದು ಸಂಗತಿ ಹೇಳಲು ನಿಂತಿದ್ದೇನೆ. ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ನಮ್ಮ ಕಂಪ್ಯೂಟರುಗಳು ಪರದೆಯ ಮೇಲಿರುವ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತವೆ. ಈಗೇನೋ ಚೆನ್ನಾಗಿ ಓದುತ್ತವೆ. ಮೊದಲು ಹೇಗೆ ಓದುತ್ತಿದ್ದವು? ಕಚೇರಿ ಕಾಗದದಲ್ಲಿ ‘ಸ.ನಂ.’ ಎಂದಿದ್ದರೆ ಬರೀ ‘ಸನಂ’ ಎನ್ನುತ್ತಿದ್ದವು. ‘ತಾ.’ ಎಂದಿದ್ದರೆ ‘ತಾ’. ಏನು ತಾ? ಯಾರಿಗೆ ತಾ? ವಿದ್ಯಾರ್ಥಿಗಳು ನಗುತ್ತಿದ್ದರು. ಮಹಾಲಿಂಗ ನಗಲಿಲ್ಲ. ಒಂದು ನೋಟ್‌ಬುಕ್ ಇಟ್ಟುಕೊಂಡ. ಎಲ್ಲಿ ತಪ್ಪು ಓದಿತೋ ಅಲ್ಲಿ ವಿದ್ಯಾರ್ಥಿಗಳು ಕೈ ಎತ್ತಬೇಕು, ಇವನು ಬರೆದುಕೊಳ್ಳಬೇಕು, ತಿದ್ದಿ ಮತ್ತೆ ಕೇಳಿಸಬೇಕು. “ಇನ್ನೊಂದ್ಸಲ ಓದುಸ್ತೀನಿ, ಈಗ ಕೇಳಿ” — ಎಂಟು ತಿಂಗಳು ಇದೇ ಮಾತು. ಎಂಟು ತಿಂಗಳಾದ ಮೇಲೆ ಆ ಯಂತ್ರ ‘ಸರ್ವೆ ನಂಬರು’ ಎಂದಿತು, ‘ತಾಲ್ಲೂಕು’ ಎಂದಿತು, ನಮ್ಮ ಊರುಗಳ ಹೆಸರನ್ನು ನಾವು ಹೇಳುವ ಹಾಗೆಯೇ ಹೇಳಿತು.

ಹಾಗೆ ತಿದ್ದಿದ ಕಂಪ್ಯೂಟರಿನ ಇಡೀ ಡಿಸ್ಕನ್ನು ಇದ್ದದ್ದು ಇದ್ದ ಹಾಗೆ ನಕಲು ತೆಗೆದು ಒಂದು ದೊಡ್ಡ ಫೈಲಾಗಿ ಇಟ್ಟುಕೊಂಡಿದ್ದ. ಅದಕ್ಕೆ ಇಮೇಜ್ ಎನ್ನುತ್ತಾರೆ. ಬೇರೆ ಕಂಪ್ಯೂಟರಿಗೆ ಆ ಇಮೇಜ್ ಇಳಿಸಿದರೆ ಸಾಕು, ಅದೂ ಹಾಗೆಯೇ ಮಾತಾಡಬೇಕು. ಚಾಮರಾಜನಗರದ ಹನ್ನೆರಡು ಕಂಪ್ಯೂಟರೂ ಮಾತಾಡಿದ್ದು ಹಾಗೆ.

ಎರಡು ವರ್ಷದ ಹಿಂದೆ ಈ ಶಾಖೆ ಶುರುವಾಯಿತು. ಹತ್ತು ಹೊಸ ಕಂಪ್ಯೂಟರ್ ತರಿಸಬೇಕಿತ್ತು. ಮಹಾಲಿಂಗ ನನ್ನ ಕೋಣೆಗೆ ಬಂದ. ಬಾಗಿಲಲ್ಲೇ ನಿಂತ — ಹೀಗೆ, ಒಂದು ಕೈ ಚೌಕಟ್ಟಿನ ಮೇಲೆ.

“ಸಾರ್, ಹತ್ತೂ ಒಟ್ಗೆ ತರುಸ್ಬ್ಯಾಡಿ. ಮೊದ್ಲು ಒಂದ್ ತರ್ಸಿ. ಇಮೇಜ್ ಆಕಿ ನೋಡ್ಬುಡ್ತೀನಿ. ಸರಿಯಾದ್ರೆ ಮಿಕ್ಕಿದ್ನ ತರ್ಸುವ್ರಿ.”

ನಾನು ತಲೆ ಎತ್ತಲಿಲ್ಲ. “ಕಂಪ್ಯೂಟರ್ ಅಂದ್ಮೇಲೆ ಎಲ್ಲ ಒಂದೇ ಕಣಯ್ಯ. ಟೈಮಿಲ್ಲ, ಹೋಗು” ಎಂದೆ.

ಹೋದ.

ಕಂಪ್ಯೂಟರುಗಳು ಬಂದದ್ದು ಒಂದು ಗುರುವಾರ. ಸೋಮವಾರ ಯಂತ್ರಗಳ ಪರಿಶೀಲನೆ, ಅದರ ಮುಂದಿನ ವಾರ ಸರ್ಕಾರಿ ಕಚೇರಿ ಕೆಲಸಕ್ಕೆ ಇಲ್ಲೇ ಟೈಪಿಂಗ್ ಪರೀಕ್ಷೆ. ನಮ್ಮ ಎಂಟು ಮಂದಿ ಹೆಸರು ಕೊಟ್ಟಿದ್ದರು. ಅವರಲ್ಲಿ ಪ್ರಿಯಾಂಕ ಒಬ್ಬಳು. ಅಗೋ, ಕಿಟಕಿ ಪಕ್ಕ ಕೂತಿದ್ದಾಳಲ್ಲ, ಅವಳೇ. ಆ ಕೆಲಸಕ್ಕೆ ಅವಳ ವಯಸ್ಸಿನ ಮಿತಿ ಆ ವರ್ಷಕ್ಕೇ ಮುಗಿಯುತ್ತಿತ್ತು.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಹತ್ತಕ್ಕೂ ಇಮೇಜ್ ಇಳಿಸಿದ. ಹತ್ತರಲ್ಲೂ ‘ನೂರಕ್ಕೆ ನೂರು ಮುಗಿಯಿತು’ ಎಂದು ಬಂತು. ಆನ್ ಮಾಡಿದರೆ — ಕಪ್ಪು ಪರದೆ. ಬೂಟ್ ಡಿಸ್ಕ್ ಇಲ್ಲ, ಅಂದರೆ ಯಂತ್ರ ಶುರುವಾಗಲು ಬೇಕಾದ ಡಿಸ್ಕೇ ಸಿಗುತ್ತಿಲ್ಲ ಎಂಬ ಒಂದು ಸಾಲು. ಮತ್ತೆ ಇಳಿಸಿದ. ಮತ್ತೆ ಅದೇ ಸಾಲು. ಹತ್ತರಲ್ಲಿ ಒಂದಾದರೂ ಮಾತಾಡಲಿಲ್ಲ.

ಶನಿವಾರ ಬೆಳಿಗ್ಗೆ ಪರೀಕ್ಷೆ ನಡೆಸುವವರ ಫೋನ್ ಬಂತು. ಸೋಮವಾರ ಯಂತ್ರಗಳು ಸಿದ್ಧವಿಲ್ಲದಿದ್ದರೆ ಪರೀಕ್ಷೆ ಮೈಸೂರಿಗೆ ಹೋಗುತ್ತದೆ, ಅಲ್ಲಿ ಕನ್ನಡ ಓದುವ ಕಂಪ್ಯೂಟರ್ ಇಲ್ಲ, ಬೇಕಾದರೆ ಬರೆಯುವವರನ್ನು ನೀವೇ ಕರೆತನ್ನಿ ಎಂದರು. ಟೈಪಿಂಗ್ ಪರೀಕ್ಷೆಗೆ ಇನ್ನೊಬ್ಬರ ಬೆರಳು ಕರೆತಂದು ಏನು ಮಾಡುವುದು?

ಸಿಟ್ಟು ನೆತ್ತಿಗೇರಿತು. ಚಾಮರಾಜನಗರದಿಂದ ನೇರ ಇಲ್ಲಿಗೆ ಬಂದೆ. ಎಂಟು ಮಂದಿಯೂ ಆ ಬೆಂಚಿನ ಮೇಲೆ ಕೂತಿದ್ದರು. ಅವರಿಗೆ ಕಣ್ಣು ಕಾಣುವುದಿಲ್ಲ, ಕಿವಿ ಕೇಳುತ್ತದೆ. ಅದು ನನಗೆ ಆಗ ನೆನಪಾಗಲಿಲ್ಲವೋ, ನೆನಪಾದರೂ ಬೇಕಾಗಲಿಲ್ಲವೋ. “ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ಬೇಕು. ಹತ್ತು ಹೊಸ ಮಿಷಿನ್ನೂ ಹಾಳ್ಮಾಡಿ ಕೂತಿದ್ದೀಯ. ಇವ್ರ ಹೊಟ್ಟೆ ಮೇಲೆ ಹೊಡ್ದೆ” ಎಂದೆ. ಇನ್ನೂ ಏನೇನೋ ಎಂದೆ. ಆಮೇಲೆ ಕೂತು ಒಂದು ಮೆಮೊ ಬರೆದೆ — ನಿರ್ಲಕ್ಷ್ಯದಿಂದ ಹೊಸ ಡಿಸ್ಕ್‌ಗಳನ್ನು ಹಾಳು ಮಾಡಿದ್ದೀರಿ, ವಿವರಣೆ ಕೊಡಿ ಎಂದು.

ಅವನು ಮೆಮೊ ಓದಿದ. ಜೇಬಿನಿಂದ ಪೆನ್ ತೆಗೆದು ‘ಸ್ವೀಕರಿಸಿದ್ದೇನೆ’ ಎಂದು ಬರೆದು ಸಹಿ ಹಾಕಿದ.

“ಇದ್ಕೆ ಉತ್ರ ಆಮೇಲ್ ಕೊಡ್ತೀನಿ ಸಾರ್. ಈಗ ಬುಡಿ, ಕೆಲ್ಸ ಅದ.”

ನಾನು ಅಲ್ಲೇ ಒಂದು ಕುರ್ಚಿಯಲ್ಲಿ ಕೂತೆ. ಪ್ರಿಯಾಂಕ ಬೆಂಚಿನಿಂದ ಎದ್ದು, ಮೇಜು ಮುಟ್ಟಿಕೊಂಡು ಬಂದು, ಅವನ ಪಕ್ಕ ಕೂತಳು.

“ಸಾರ್, ಏನಂತದೆ ಮಿಷಿನ್ನು?”

“ಏನೂ ಅನ್ನಲ್ಲ ಕಣಮ್ಮಿ. ಅದೇ ತೊಂದ್ರೆ.”

“ತೆರೆ ಮೇಲೆ ಏನದೆ, ಓದಿ.”

ಇಲ್ಲಿ ಒಂದು ಮಾತು ಹೇಳಬೇಕು. ವಿದ್ಯಾರ್ಥಿಗಳು ಪಕ್ಕದಲ್ಲಿದ್ದರೆ ಮಹಾಲಿಂಗ ಪರದೆಯನ್ನು ಮನಸ್ಸಿನಲ್ಲಿ ಓದಿಕೊಳ್ಳುತ್ತಿರಲಿಲ್ಲ. ಗಟ್ಟಿಯಾಗಿಯೇ ಓದುತ್ತಿದ್ದ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನೊಬ್ಬನೇ ನೋಡುವುದು ಅವನಿಂದ ಆಗುತ್ತಿರಲಿಲ್ಲ. ಎರಡು ದಿನದಿಂದ ನೋಡಿದ್ದ ಅದೇ ವಿವರಗಳನ್ನು ಅವಳಿಗಾಗಿ ಒಂದೊಂದೇ ಸಾಲು ಓದತೊಡಗಿದ. ಮೊದಲು ಇಮೇಜ್ ತೆಗೆದ ಹಳೆಯ ಡಿಸ್ಕಿನದು. ಆಮೇಲೆ ಹೊಸದರದು.

“ಹಳೇದು — ಸೆಕ್ಟರ್ ಅಳ್ತೆ ಐನೂರ್ ಅನ್ನೆಲ್ಡು. ಹೊಸ್ದು — ಸೆಕ್ಟರ್ ಅಳ್ತೆ ನಾಕ್ಸಾವ್ರದ ತೊಂಬತ್ತಾರು.”

ಪ್ರಿಯಾಂಕ ಬಾಯಲ್ಲೇ ಲೆಕ್ಕ ಹಾಕಿದಳು. “ಎಂಟ್ರಷ್ಟು ಆಯ್ತಲ್ಲ ಸಾರ್.”

ಅವನು ಕುರ್ಚಿಗೆ ಒರಗಿದ. ನನ್ನ ಕಡೆ ತಿರುಗಿದ.

“ಡಿಸ್ಕ್ ಕೆಟ್ಟಿಲ್ಲ ಸಾರ್. ಅಳ್ತೆ ಬ್ಯಾರೆ ಅದ.”

“ಏನದು ಅಳತೆ?” ಎಂದೆ.

“ಒಬ್ರು ಚೀಟಿ ಬರ್ದ್ಕೊಟ್ಟವ್ರೆ ಅನ್ಕಳಿ — ನೂರ್ನೇ ಸಾಲ್ನಿಂದ ಅರಿಸಿನ ಕಿತ್ಕ ಬಾ ಅಂತ. ಚೀಟಿ ಬರ್ದೋರ್ ಒಲ್ದಲ್ಲಿ ಸಾಲು ಒಂದೊಂದಡಿ. ಈ ಒಲ್ದಲ್ಲಿ ಸಾಲು ಎಂಟೆಂಟಡಿ. ಅದೇ ಚೀಟಿ ಇಡ್ಕಂಡು ಇಲ್ಲಿ ನೂರ್ನೇ ಸಾಲ್ಗೋದ್ರೆ ಅರಿಸಿನ ಎಲ್ಲದ? ಪಕ್ಕದೋರ್ ಒಲ ಸಿಕ್ತದೆ. ಅರಿಸಿನವೂ ಅದ, ಚೀಟೀನೂ ಸರ್ಯಾಗದ. ಎಣ್ಸೋ ಅಳ್ತೆ ಮಾತ್ರ ಬ್ಯಾರೆ.”

ಡಿಸ್ಕಿನ ಮೊದಲಲ್ಲಿ ಅಂಥದ್ದೇ ಒಂದು ಪಟ್ಟಿ ಇರುತ್ತದಂತೆ, ಯಾವುದು ಎಷ್ಟನೇ ಸೆಕ್ಟರಿನಿಂದ, ಅಂದರೆ ಡಿಸ್ಕಿನ ಎಷ್ಟನೇ ಸಾಲಿನಿಂದ, ಶುರು ಎಂದು. ಹಳೆಯ ಡಿಸ್ಕಿನ ಪಟ್ಟಿಯನ್ನು ಎಂಟರಷ್ಟು ದೊಡ್ಡ ಸೆಕ್ಟರಿನ ಡಿಸ್ಕಿಗೆ ಹಾಗೇ ಇಳಿಸಿದರೆ ಯಂತ್ರ ಹುಡುಕುವ ಜಾಗವೇ ಬೇರೆ. ಯಾರೂ ಏನನ್ನೂ ಹಾಳು ಮಾಡಿರಲಿಲ್ಲ. ಮೊದಲು ಒಂದೇ ಒಂದು ಯಂತ್ರ ತರಿಸಿದ್ದರೆ ಅದು ಮುಂಚೆಯೇ ಗೊತ್ತಾಗುತ್ತಿತ್ತು.

ಇಡೀ ಡಿಸ್ಕಿನ ನಕಲನ್ನು ಬಿಟ್ಟುಬಿಟ್ಟ. ಹೊಸ ಡಿಸ್ಕನ್ನು ಅದರದೇ ಅಳತೆಯಲ್ಲಿ ಭಾಗ ಮಾಡಿ, ಫಾರ್ಮ್ಯಾಟ್ ಮಾಡಿ, ಇಮೇಜಿನ ಒಳಗಿದ್ದ ಫೈಲುಗಳನ್ನಷ್ಟೇ ಅದಕ್ಕೆ ತುಂಬಿದ. ಬೂಟ್ ಆಗುವ ಭಾಗವನ್ನು ಹೊಸದಾಗಿ ಕೂರಿಸಿದ. ನಾಲ್ಕು ಗಂಟೆ ಸುಮಾರಿಗೆ ಮೊದಲ ಯಂತ್ರ ಮಾತಾಡಿತು. ಪ್ರಿಯಾಂಕ ಹೆಡ್‌ಫೋನ್ ಹಾಕಿಕೊಂಡು ‘ಸ.ನಂ.’ ಎಂದು ಟೈಪ್ ಮಾಡಿದಳು. ಕೇಳಿದಳು. ಹೆಡ್‌ಫೋನ್ ತೆಗೆದು ಬೆಂಚಿನ ಕಡೆ ಮುಖ ಮಾಡಿ, “ನಮ್ದೇ ಕಣ್ರೋ ಇದು” ಎಂದಳು. ಬೆಂಚಿನ ಮೇಲಿದ್ದ ಏಳು ಮಂದಿಯೂ ಒಟ್ಟಿಗೆ ಎದ್ದರು.

ಮಿಕ್ಕ ಒಂಬತ್ತನ್ನು ಭಾನುವಾರ ಮುಗಿಸಿದ. ಸೋಮವಾರ ಪರಿಶೀಲನೆ ಆಯಿತು. ಎಂಟು ಮಂದಿ ಇದೇ ಕೋಣೆಯಲ್ಲಿ ಪರೀಕ್ಷೆ ಬರೆದರು. ಮೂವರು ಪಾಸಾದರು. ಪ್ರಿಯಾಂಕ ಈಗ ಇಲ್ಲಿಯ ತಾಲ್ಲೂಕು ಕಚೇರಿಯಲ್ಲಿದ್ದಾಳೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ.

ಮಂಗಳವಾರ ಮಹಾಲಿಂಗ ಮೆಮೊಗೆ ಉತ್ತರ ತಂದುಕೊಟ್ಟ. ಎರಡು ಪುಟ. ‘ಮಾನ್ಯರೇ, ತಮ್ಮ ಮೆಮೊ ತಲುಪಿದೆ’ — ಅಷ್ಟು ಓದಿ ಫೈಲಿಗೆ ಹಾಕಿದೆ. ಮೆಮೊ ಹಿಂದಕ್ಕೆ ಪಡೆಯಬೇಕು ಎಂದು ನನಗೆ ಗೊತ್ತಿತ್ತು. ಆದರೆ ಹಿಂದಕ್ಕೆ ಪಡೆಯಬೇಕಾದರೆ ಕಾರಣ ಬರೆಯಬೇಕು. ಕಾರಣ ಬರೆದರೆ ‘ಒಂದನ್ನು ಮೊದಲು ತರಿಸಿ ಎಂದಿದ್ದ, ನಾನು ಕೇಳಲಿಲ್ಲ’ ಎಂದು ಬರೆಯಬೇಕು. ನಾಳೆ ಮಾಡಿದರಾಯಿತು ಎಂದುಕೊಂಡೆ. ಆ ನಾಳೆ ಬರಲೇ ಇಲ್ಲ.

ಮರುವರ್ಷ ಅವನನ್ನು ಕಾಯಂ ಮಾಡುವ ಮಾತು ಬಂತು. ಕೇಂದ್ರದ ಸಮಿತಿಯವರು ಫೈಲು ತೆರೆದರು. ಮೆಮೊ ಇತ್ತು. ಮುಂದಿನ ವರ್ಷ ನೋಡೋಣ ಎಂದರು. ನಾನು ಅದೇ ಮೇಜಿನಲ್ಲಿ ಕೂತಿದ್ದೆ. ಬಾಯಿ ಬಿಡಲಿಲ್ಲ. ಮಹಾಲಿಂಗ ಗುತ್ತಿಗೆಯವನಾಗಿಯೇ ಹೋದ. ಅದರ ಬಗ್ಗೆ ನನ್ನನ್ನು ಒಂದು ದಿನ, ಒಂದೇ ಒಂದು ದಿನ, ಕೇಳಲಿಲ್ಲ. ಕೇಳಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ.

ಅವನು ತೀರಿಕೊಂಡ ಮೂರನೆಯ ದಿನ ಆ ಫೈಲು ತೆಗೆದು ಎರಡೂ ಪುಟ ಓದಿದೆ. ಒಂದು ಸಾಲು ಓದುತ್ತೇನೆ — “ಡಿಸ್ಕ್‌ಗಳು ಹಾಳಾಗಿಲ್ಲ. ಹಳೆಯದರ ಮತ್ತು ಹೊಸದರ ಸೆಕ್ಟರ್ ಅಳತೆ ಬೇರೆ ಎಂಬುದನ್ನು ನಾವು ಮೊದಲೇ ನೋಡಿಕೊಳ್ಳಲಿಲ್ಲ. ಮುಂದೆ ಈ ಕೆಲಸ ಮಾಡುವವರಿಗೆ ತೊಂದರೆಯಾಗದಿರಲೆಂದು ಕ್ರಮವನ್ನು ಕೆಳಗೆ ಬರೆದಿದ್ದೇನೆ.” ಆಮೇಲೆ ಪೂರ್ತಿ ಅದೇ — ಮೊದಲು ಏನು ನೋಡಬೇಕು, ಆಮೇಲೆ ಏನು ಮಾಡಬೇಕು. ನನ್ನ ಬಗ್ಗೆ ಒಂದಕ್ಷರ ಇಲ್ಲ. ‘ನಾವು’ ಎಂದು ಬರೆದಿದ್ದಾನೆ. ನಾವು ನೋಡಿಕೊಳ್ಳಲಿಲ್ಲ. ಅವನು ನೋಡಿಕೊಳ್ಳುತ್ತೇನೆ ಎಂದಿದ್ದ. ಬೇಡ ಎಂದವನು ನಾನು.

ಮೆಮೊ ಹಿಂದಕ್ಕೆ ಪಡೆದಿದ್ದೇನೆ ಎಂಬ ಪತ್ರ ಬರೆದು, ಒಂದು ಪ್ರತಿ ಸಮಿತಿಗೆ ಕೊಟ್ಟು, ಇನ್ನೊಂದನ್ನು ತೆಗೆದುಕೊಂಡು ಕುದೇರಿಗೆ ಹೋದೆ. ಭಾನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಬಿಡಿಸಲಿಲ್ಲ.

“ಆ ಶನಿವಾರ ಮನೆಗ್ ಬಂದು ಉಣ್ಣಲೇ ಇಲ್ಲ ಸಾರ್ ಅವ್ರು” ಎಂದರು. “ಮೆಮೊ ಕೊಟ್ಟುದ್ಕಲ್ಲ. ಆ ಮಕ್ಕಳ ಮುಂದೆ ಅಂದ್ಬುಟ್ರಲ್ಲ ಅಂತ. ನೀವು ಬೈದುದ್ದು ಎಲ್ರ ಮುಂದೆ. ಕಾಗ್ದ ತಂದ್ಕೊಟ್ರೆ ಈಗ್ ಅವ್ರ್ ಓದಾರಾ? ಯೋಳೋದಾದ್ರೆ ಎಲ್ರ ಮುಂದೆ ಯೋಳಿ.”

ಅದಕ್ಕೇ ಈ ಸಭೆಯನ್ನು ಚಾಮರಾಜನಗರದಲ್ಲಿ ಕರೆಯಲಿಲ್ಲ. ಇಲ್ಲಿ ಕರೆದೆ. ಅವತ್ತು ಬೆಂಚಿನ ಮೇಲೆ ಕೂತಿದ್ದ ಎಂಟು ಮಂದಿಗೂ ನಾನೇ ಫೋನ್ ಮಾಡಿದೆ. ಎಂಟು ಮಂದಿಯೂ ಬಂದಿದ್ದಾರೆ.

ಚಿಕ್ಕನಿಂಗಮ್ಮನವರೇ, ಭಾನು ಅವರೇ, ಹರ್ಷಿತಾ — ಎಲ್ಲರೂ ಕೇಳಿ. ಮಹಾಲಿಂಗ ಯಾವ ಯಂತ್ರವನ್ನೂ ಹಾಳು ಮಾಡಲಿಲ್ಲ. ಅವನಿಗೆ ಕೆಲಸ ಗೊತ್ತಿತ್ತು. ಅವನ ಮಾತು ಕೇಳದವನು ನಾನು. ತಪ್ಪು ನನ್ನದು. ಅದನ್ನು ಎರಡು ವರ್ಷ ಅವನ ಹೆಸರಿನಲ್ಲಿ ಇಟ್ಟವನೂ ನಾನೇ. ಅವನಿಗೆ ಹೇಳಬೇಕಾದ ಮಾತನ್ನು ಅವನಿಲ್ಲದಾಗ ಹೇಳುತ್ತಿದ್ದೇನೆ. ಇದನ್ನು ಕ್ಷಮೆ ಕೇಳಿದ್ದೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದು ಬೇಡ.

ಈಗ ಎಲ್ಲರೂ ಎದ್ದು ನಿಲ್ಲೋಣ. ಪಕ್ಕದಲ್ಲಿ ಕಾಣದವರಿದ್ದರೆ ಮೆಲ್ಲಗೆ ಕೈ ಮುಟ್ಟಿ ತಿಳಿಸಿ. ಎರಡು ನಿಮಿಷ ಎಂದು ನಾನು ಗಡಿಯಾರ ನೋಡುವುದಿಲ್ಲ. ಭಾನು ಅವರು ಯಾವಾಗ ಕೂರುತ್ತಾರೋ, ಆಗ ಕೂರೋಣ. ಅಲ್ಲಿಯವರೆಗೆ — ಮೌನವಾಗಿರೋಣ.