ನೇತ್ರಾ ಸಹಿ ಮಾಡದ ಕಾಗದ

ಪರೀಕ್ಷೆಯಲ್ಲಿ ಫೇಲಾದ ಕೆಮ್ಮಿನ ಔಷಧಿಯನ್ನು ಪಾಸೆಂದು ಬರೆದು ಸಹಿ ಮಾಡಲಿಲ್ಲವೆಂದು ಕಂಪನಿಯವರು ನೇತ್ರಾಳನ್ನು ಲ್ಯಾಬಿನಿಂದ ತೆಗೆದುಹಾಕಿದ್ದರು.

ಪಕ್ಕದಲ್ಲಿ ಕೂತವರ ಮಾತು ಕಿವಿಗೆ ಬಿದ್ದು ಜರೀನಾಬಿಗೆ ಇದು ತಿಳಿದದ್ದು ನವಲಗುಂದದ ಬಸ್‌ಸ್ಟ್ಯಾಂಡಿನಲ್ಲಿ. ಮೊಮ್ಮಗಳಿಗೆಂದು ಅಂಥದೇ ಔಷಧಿ ಕೊಂಡು ಚೀಲದಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲೇ ನೇತ್ರಾ, ತನ್ನನ್ನು ಕಳಿಸಲು ಬಂದ ಕಾಕಾ ಶಂಕ್ರಪ್ಪನ ಜೊತೆ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಿದ್ದಳು.

"ಅಂತೂ ಹೊಸಾ ಕಂಪನಿಯವರು ಕೆಲಸಾ ಕೊಟ್ರಲ್ಲವಾ! ಎಂಟು ತಿಂಗಳು ಮನ್ಯಾಗ ಯಾರ ಗಂಟಲದಾಗೂ ತುತ್ತು ಇಳೀತಿದ್ದಿಲ್ಲ," ಎಂದ ಶಂಕ್ರಪ್ಪ.

"ಈಗ ನಮ್ಮಂಥವರು ಭಾಳ ಬೇಕಾಗ್ಯಾರ ಕಾಕಾ. ತಪಾಸಣಿ ಬಿಗಿ ಆಗೇತಿ. ಲ್ಯಾಬಿನವರು ಹೂಂ ಅನ್ನೂತನಕಾ ಒಂದು ಬಾಟ್ಲಿನೂ ಹೊರಗ ಹೋಗಂಗಿಲ್ಲ."

"ಹಳೇ ಕೆಲಸಾ ಯಾಕ ಬಿಟ್ಟಿ ಅಂತ ಅವರು ಕೇಳಿದಾಗ, ಅವ್ವಗ ಆರಾಮಿದ್ದಿಲ್ಲ ಅಂತ ಹೇಳಿದಿ ಇಲ್ಲೋ?"

"ಇಲ್ಲ, ಇದ್ದದ್ದು ಇದ್ದಂಗ ಹೇಳಿದೆ. ಸೋಮವಾರದಿಂದ ಬರ್ರಿ ಅಂದ್ರು."

"ಹುಚ್ಚಿ! ನಿನ್ನ ನಸೀಬ ಚಲೋ ಐತಿ ಬಿಡು."

ಶಂಕ್ರಪ್ಪ ಹೊಟ್ಟೆ ತುಂಬ ನಕ್ಕ. ಯಾರ ಮಗಳೋ ಏನೋ, ಆದರೂ ಜರೀನಾಬಿಯ ಎದೆಯೂ ಹಗುರಾಯಿತು. ಅಷ್ಟರಲ್ಲಿ ಬಸ್ಸು ಬಂತು.

"ಇನ್ನರ ಶಾಣ್ಯಾಕಿ ಆಗು. ಸಾಹೇಬ್ರು ಎಲ್ಲಿ ತೋರಸ್ತಾರ ಅಲ್ಲಿ ಸಹಿ ಒಗದು ಸುಮ್ಮನಿರು."

"ಅದೊಂದು ಆಗೂದಿಲ್ಲ ಕಾಕಾ. ಬೇಕಾದ್ರ ಮತ್ತ ಎಂಟು ತಿಂಗಳು ಮನ್ಯಾಗ ಕುಂದರ್ತೀನಿ," ಎಂದವಳೇ ನೇತ್ರಾ ಬಸ್ಸು ಹತ್ತಿದಳು.